ತುದಿ ಮಡಿಸದ ರೀಲು

ಗೊರ್ಸ್ಕಿಯವರ ಮನೆಯ ಫ್ರೀಜರಿನಲ್ಲಿ ಎಡಗಡೆ ಸಾಸೇಜು, ಬಟಾಣಿ, ಹಿಟ್ಟಿನಲ್ಲಿ ಆಲೂಗೆಡ್ಡೆ ತುಂಬಿ ಮಡಿಸಿಟ್ಟ ಪಿಯರೋಗಿ. ಬಲಗಡೆ ಕ್ಯಾಮೆರಾದ ರೀಲುಗಳು. ರಾಚೆಸ್ಟರಿನಲ್ಲಿ ಇದೇನೂ ವಿಶೇಷವಲ್ಲ. ಊರಿಗೆ ಊರೇ ಫಿಲ್ಮ್ ಕಾರ್ಖಾನೆಯ ಅನ್ನ ತಿಂದದ್ದು. ತಣ್ಣಗಿದ್ದರೆ ರೀಲು ಕೆಡುವುದಿಲ್ಲವೆಂಬುದು ಅಲ್ಲಿನ ಎಲ್ಲ ಮನೆಯ ಹೆಂಗಸರಿಗೂ ಗೊತ್ತು. ಲೊರೇನ್ ಮದುವೆಯಾಗಿ ಆ ಮನೆಗೆ ಬಂದ ಮೊದಲ ವಾರ ಅತ್ತೆ ಅವಳಿಗೆ ಹೇಳಿಕೊಟ್ಟದ್ದು ಎರಡೇ ವಿಷಯ: ಎಲೆಕೋಸಿನ ಎಲೆಯನ್ನು ಹರಿಯದಂತೆ ಬೇಯಿಸುವುದು, ಫ್ರೀಜರಿನ ಬಲಗಡೆಗೆ ಸುಮ್ಮಸುಮ್ಮನೆ ಕೈಹಾಕದಿರುವುದು.

ಲೊರೇನಳ ಗಂಡ ಕ್ಯಾಸ್ ಕಂಪನಿಯಲ್ಲಿ ಫಿಲ್ಮಿಗೆ ಲೇಪ ಹಚ್ಚುವ ವಿಭಾಗದಲ್ಲಿದ್ದವನು. ಆ ಊರಿನಲ್ಲಿ ಕಂಪನಿ ಎಂದರೆ ಒಂದೇ, ಹೆಸರು ಹೇಳುವ ಅಗತ್ಯವಿಲ್ಲ. ಲೇಪದ ಕಟ್ಟಡದೊಳಗೆ ಬೆಳಕಿನ ಒಂದು ಎಳೆಯೂ ಸುಳಿಯುವಂತಿರಲಿಲ್ಲ. ಕತ್ತಲೆಯಲ್ಲೇ ದುಡಿತ, ಕತ್ತಲೆಯಲ್ಲೇ ಓಡಾಟ. ಓಣಿಯಲ್ಲಿ ಎದುರಿನವನಿಗೆ ಡಿಕ್ಕಿ ಹೊಡೆಯದಿರಲೆಂದು ಎಲ್ಲರೂ ಸಿಳ್ಳೆ ಹಾಕುತ್ತ ನಡೆಯಬೇಕು. ಮೂವತ್ತು ವರ್ಷದ ಮೇಲೆ ಕಂಪನಿ ಅವನನ್ನು ಮನೆಗೆ ಕಳಿಸಿದರೂ ಸಿಳ್ಳೆ ಬಿಡಲಿಲ್ಲ. ನೆಲಮಾಳಿಗೆಯ ಮೆಟ್ಟಿಲಿಳಿಯುವಾಗ ಈಗಲೂ ಹಾಕುತ್ತಿದ್ದ. ಅವನ ತಾಯಿಯನ್ನು ಮನೆಯವರೆಲ್ಲ ಬಾಬ್ಚಾ ಅನ್ನುತ್ತಿದ್ದರು, ಪೋಲೆಂಡಿನವರ ಮಾತಿನಲ್ಲಿ ಅಜ್ಜಿ ಎಂದು. ಅವಳೂ ಯುದ್ಧದ ಕಾಲದಲ್ಲಿ ಅದೇ ಕತ್ತಲೆಯಲ್ಲಿ ರೀಲು ಸುತ್ತಿದವಳು. ನಮ್ಮ ಮನೆಯವರಿಗೆ ದೇವರು ಕಣ್ಣು ಕೊಟ್ಟದ್ದು ದಂಡ, ಕೈ ಮಾತ್ರ ಕೊಟ್ಟಿದ್ದರೂ ನಡೆಯುತ್ತಿತ್ತು ಎಂದು ಅವಳು ನಗಾಡುವುದಿತ್ತು.

ಕತ್ತಲೆಯಲ್ಲಿ ದುಡಿದವರು ಯಾವುದರ ಮೇಲೂ ಬರೆದಿಡುವುದಿಲ್ಲ. ಕ್ಯಾಸ್ ಉದ್ದನೆಯ ಫಿಲ್ಮನ್ನು ತಾನೇ ಕತ್ತರಿಸಿ ಡಬ್ಬಿಗಳಿಗೆ ತುಂಬುತ್ತಿದ್ದ, ಹಾಗಾಗಿ ಅವುಗಳ ಮೇಲೆ ಚೀಟಿಯಿಲ್ಲ. ಹೊಸ ರೀಲಿನ ತುದಿ ಡಬ್ಬಿಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಚಿತ್ರ ತೆಗೆದು ಮುಗಿದ ಮೇಲೂ ಅವನು ಅದನ್ನು ಪೂರ್ತಿ ಒಳಕ್ಕೆ ಸುತ್ತದೆ, ಔಷಧಿಯಲ್ಲಿ ತೊಳೆದು ಚಿತ್ರ ಮೂಡಿಸುವಾಗ ಕೈಗೆ ಸಿಗಲೆಂದು ತುದಿ ಬಿಡುತ್ತಿದ್ದ. ಎರಡಕ್ಕೂ ಇದ್ದ ವ್ಯತ್ಯಾಸ ಇಷ್ಟೆ: ತೆಗೆದು ಮುಗಿದ ರೀಲಿನ ತುದಿಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮಡಿಸುತ್ತಿದ್ದ. ಮಡಿಕೆ ಇದ್ದರೆ ಒಳಗೆ ಚಿತ್ರವಿದೆ, ಇಲ್ಲದಿದ್ದರೆ ಖಾಲಿ. ಒಂದು ಪೆನ್ನು ತಗೊಂಡು ಬರೆದಿಡಬಾರದೇ ಎಂದು ಲೊರೇನ್ ಎಷ್ಟೋ ಸಲ ಹೇಳಿದ್ದಳು.

"ಕತ್ತಲೇಲಿ ನಿನ್ನ ಬರಹ ಯಾರು ಓದ್ತಾರೆ?" ಅನ್ನುತ್ತಿದ್ದ ಕ್ಯಾಸ್.

"ನಾವೀಗ ಅಡುಗೆಮನೇಲಿ ಇದೀವಿ, ದೀಪ ಉರೀತಿದೆ."

"ಬೆರಳು ಮರೆಯಲ್ಲ ಲೊರೇನ್. ಬರೆದಿದ್ದು ಅಳಿಸಿಹೋಗುತ್ತೆ."

ಆ ವರ್ಷ ಫೆಬ್ರವರಿಯಲ್ಲಿ ಮಗಳು ರೆನೇಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು, ಹೆಲೆನಾ. ಹನ್ನೊಂದು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ರೆನೇಯ ಗಂಡ ಕೀತ್ ಕಂಪನಿಯವನೇ, ಆದರೆ ಇನ್ನೊಂದು ಗೇಟಿನವನು, ಡಿಜಿಟಲ್ ಕ್ಯಾಮೆರಾ ಮಾಡುವ ಕಡೆಯವನು. ಅವನು ಅಂಗೈಯಗಲದ ಕ್ಯಾಮೆರಾದಲ್ಲಿ ದಿನಕ್ಕೆ ನೂರಾರು ಚಿತ್ರ ಹೊಡೆದ. ಎಲ್ಲದರಲ್ಲೂ ಮೂಗಿಗೆ ಕೊಳವೆ, ಕೆನ್ನೆಗೆ ಪಟ್ಟಿ, ಮಗುವಿಗಿಂತ ಯಂತ್ರವೇ ಹೆಚ್ಚು. ಕೊನೆಯ ಮಧ್ಯಾಹ್ನ, ಇನ್ನೇನೂ ಮಾಡುವಂತಿಲ್ಲವೆಂದು ದಾದಿ ಕೊಳವೆಗಳನ್ನು ಬಿಡಿಸಿ ಮಗುವನ್ನು ರೆನೇಯ ತೊಡೆಯ ಮೇಲಿಟ್ಟಳು. ಕೀತ್ ಕೋಣೆಯೊಳಗೆ ನಿಲ್ಲಲಾರದೆ ಹೊರಗೆ ಹೋದ. ಕ್ಯಾಸ್ ಮಾತ್ರ ಕಿಟಕಿಯ ಬೆಳಕಿನಲ್ಲಿ ತನ್ನ ಹಳೆಯ ಕ್ಯಾಮೆರಾದಿಂದ ಒಂದು ರೀಲು ಪೂರ್ತಿ ತೆಗೆದ. ಮುಖ ಯಾವಾಗಲೂ ಚಿತ್ರದ ಮೇಲರ್ಧದಲ್ಲಿರಬೇಕು ಎಂಬುದು ಅವನ ನಿಯಮ, ಅದನ್ನು ಆ ಹೊತ್ತಿನಲ್ಲೂ ಮೀರಲಿಲ್ಲ. ಮಗುವಿನ ಬರೀ ಮುಖವನ್ನು ಹಿಡಿದದ್ದು ಆ ಒಂದು ರೀಲು ಮಾತ್ರ.

ಮಣ್ಣು ಮಾಡಿ ಬಂದ ವಾರ ರೆನೇ ಗಂಡನಿಗೆ ಹೇಳಿದಳು, ಕೊಳವೆಯ ಚಿತ್ರ ಒಂದೂ ಇರಬಾರದು, ಅಳಿಸಿಬಿಡು. ಕೀತ್ ಗುಂಡಿ ಒತ್ತಿದ. ಎಲ್ಲವನ್ನೂ ಅಳಿಸಲೇ ಎಂದು ಕ್ಯಾಮೆರಾ ಕೇಳಿತು, ಹೌದೆಂದ. ಆಮೇಲೆ ಅದೇ ಕಾರ್ಡಿನ ಮೇಲೆ ಆಫೀಸಿನ ಚಿತ್ರಗಳು ತುಂಬಿಕೊಂಡವು. ಕ್ಯಾಸ್ ಮಾತ್ರ ಮಗಳ ತಲೆ ಸವರಿ, "ನನ್ನ ಹತ್ರ ಇದೆ. ನಿನಗೆ ಯಾವಾಗ ನೋಡಬೇಕು ಅನ್ಸುತ್ತೋ ಆಗ ಹೇಳು, ತೊಳೆದು ಕೊಡ್ತೀನಿ. ಫಿಲ್ಮ್ ಕಾಯುತ್ತೆ" ಎಂದ. ರೀಲು ಫ್ರೀಜರಿನ ಬಲಗಡೆ ಸೇರಿತು. ಆ ಮಾತಿನ ಮೇಲೇ ಇಡೀ ಮನೆ ಆ ಬೇಸಿಗೆಯನ್ನು ದಾಟಿತು ಅಂದರೆ ತಪ್ಪಲ್ಲ. ಲೊರೇನ್ ಬಟಾಣಿ ತೆಗೆಯಲು ಹೋದಾಗೆಲ್ಲ ಬಲಗಡೆಗೊಮ್ಮೆ ನೋಡುತ್ತಿದ್ದಳು. ಮೊಮ್ಮಗಳು ಅಲ್ಲಿದ್ದಾಳೆ ಎಂದೇ ಅವಳ ಲೆಕ್ಕ.

ಆದರೆ ದುಃಖ ಬಂದ ಮನೆಯಲ್ಲಿ ಜಗಳಕ್ಕೆ ಕಾರಣ ಹುಡುಕಬೇಕಾಗಿಲ್ಲ. ಭಾನುವಾರದ ಊಟಕ್ಕೆ ಮಗಳು ಅಳಿಯ ಬರುತ್ತಿದ್ದರು; ಸೂಪು ಮುಗಿಯುವಷ್ಟರಲ್ಲಿ ಮಾವ ಅಳಿಯ ಫಿಲ್ಮು ಡಿಜಿಟಲ್ಲು ಎಂದು ಶುರು ಮಾಡುತ್ತಿದ್ದರು. ತೆಗೆದ ಕೂಡಲೇ ನೋಡಬಹುದು, ಕೆಟ್ಟದ್ದನ್ನು ಬಿಸಾಡಬಹುದು, ಅರ್ಧ ನಿಮಿಷದಲ್ಲಿ ದೇಶದ ಆ ತುದಿಯವರಿಗೂ ಕಳಿಸಬಹುದು ಎಂದು ಕೀತ್. ಬಿಸಾಡಬಹುದು ಎನ್ನುವುದೇ ಅದರ ರೋಗ ಎಂದು ಕ್ಯಾಸ್. ಕೈಯಲ್ಲಿ ಹಿಡಿಯಲಾಗದ್ದು ಚಿತ್ರವೇ ಅಲ್ಲ, ರೀಲಿಗೆ ಮೂವತ್ತಾರೇ ಚಿತ್ರ ಎಂದರೆ ಮನುಷ್ಯ ನೋಡಿ ತೆಗೆಯುತ್ತಾನೆ ಎಂದು ಅವನ ವಾದ. ನಡುವೆ ಬಾಬ್ಚಾ ಬ್ರೆಡ್ಡು ಹರಿಯುತ್ತ, ತನ್ನ ಮದುವೆಯದ್ದು ಇರುವುದೇ ಒಂದು ಫೋಟೋ, ಅದರಲ್ಲೂ ತಾನು ಕಣ್ಣು ಮುಚ್ಚಿದ್ದೇನೆ, ಆದರೂ ಸಂಸಾರವೇನೂ ನಿಲ್ಲಲಿಲ್ಲ ಎಂದು ತಮಾಷೆ ಮಾಡಿ ಇಬ್ಬರ ತಟ್ಟೆಗೂ ಇನ್ನೊಂದು ಗೊಲುಂಪ್ಕಿ, ಆ ಎಲೆಕೋಸಿನ ಸುರುಳಿ, ಬಡಿಸುತ್ತಿದ್ದಳು.

ಸೆಪ್ಟೆಂಬರಿನ ಒಂದು ಭಾನುವಾರ ತಮಾಷೆ ನಡೆಯಲಿಲ್ಲ. ಲೇಪದ ಕಟ್ಟಡವನ್ನು ಅಕ್ಟೋಬರಿನಲ್ಲಿ ಸಿಡಿಮದ್ದಿಟ್ಟು ಕೆಡವುತ್ತಾರೆ ಎಂಬ ಸುದ್ದಿಯನ್ನು ಕೀತ್ ತಂದ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತಾನೇ ಹೇಳುವುದು ಮೇಲು ಎಂದು ಪಾಪ ಅವನು ಅಂದುಕೊಂಡಿದ್ದ. ಕ್ಯಾಸ್ ಚಮಚ ಕೆಳಗಿಟ್ಟ.

"ಉಂಡ ಮನೆ ಗಳ ಎಣಿಸೋದು ಅಂದ್ರೆ ಇದೇ ಅಲ್ವಾ. ಆ ಕಟ್ಟಡದ ದುಡ್ಡಲ್ಲೇ ನಿಮ್ಮ ಡಿಜಿಟಲ್ ಕಣ್ಣು ಬಿಟ್ಟಿದ್ದು."

"ನಾನು ಕೆಡವ್ತಿಲ್ಲ ಕ್ಯಾಸ್. ನಮ್ಮ ವಿಭಾಗದಲ್ಲೂ ಅರ್ಧ ಜನರನ್ನ ಬಿಡಿಸ್ತಾರಂತೆ."

"ಬಿಡಿಸ್ಲಿ. ನಿಮ್ಮ ಡಬ್ಬಿಗೆ ಅಳಿಸೋದು ಬಿಟ್ಟು ಇನ್ನೇನು ಬರುತ್ತೆ? ಹೆತ್ತ ಮಗಳನ್ನೇ ಒಂದು ಗುಂಡಿ ಒತ್ತಿ ಅಳಿಸಿದೆಯಲ್ಲಪ್ಪ."

ಅಳಿಸು ಅಂದದ್ದು ನಾನು ಎಂದು ರೆನೇ ಬಹಳ ಮೆಲ್ಲಗೆ ಹೇಳಿದಳು, ಕೋಟು ಎತ್ತಿಕೊಂಡಳು. ಗಂಡಹೆಂಡಿರ ಕಾರು ಹೊರಟುಹೋಯಿತು. ಗಾಯದ ಮೇಲೆ ಖಾರ ಅರೆದೆಯಲ್ಲ ಎಂದು ಲೊರೇನ್ ಗಂಡನನ್ನು ಬಾಯಿಗೆ ಬಂದಂತೆ ಬೈದಳು. ಅವನು ಎಲ್ಲ ಕೇಳಿಸಿಕೊಂಡು ತಟ್ಟೆಗಳನ್ನು ತೊಳೆದಿಟ್ಟ. ಆಮೇಲಿನ ಭಾನುವಾರಗಳಲ್ಲಿ ಊಟಕ್ಕೆ ಮೂವರೇ.

ಕಟ್ಟಡ ಕೆಡವುವ ಶನಿವಾರ ಬೆಳಿಗ್ಗೆ ಕೀತ್ ಒಬ್ಬನೇ ಬಂದ. ಅವನಿಗೆ ಮಾವನ ಮೇಲೆ ಸಿಟ್ಟಿದ್ದದ್ದು ನಿಜ, ಆದರೂ ಆ ದಿನ ಅವನನ್ನು ಒಂಟಿಯಾಗಿ ಬಿಡಲು ಮನಸ್ಸು ಬಂದಿರಲಿಲ್ಲ. ಬಾಗಿಲಲ್ಲೇ ನಿಂತು ತನ್ನ ಕ್ಯಾಮೆರಾ ಚಾಚಿದ.

"ಕ್ಯಾಸ್, ಇದನ್ನ ತಗೊಂಡು ಹೋಗಿ. ಬೀಳೋದು ಒಂದೇ ಗಳಿಗೆ, ಇದಾದ್ರೆ ಒಂದಾದ ಮೇಲೊಂದು ಹೊಡೆಯುತ್ತೆ."

ಕ್ಯಾಸ್ ಆ ಕೈಯನ್ನು ನೋಡಿದ, ತಗೊಳ್ಳಲಿಲ್ಲ. ಫಿಲ್ಮಿನ ಹೆಣಕ್ಕೆ ಡಿಜಿಟಲ್ಲಿನ ಹೂವು ಬೇಡ ಎಂದು ಗೊಣಗಿ, ಬೂಟು ಕಟ್ಟಿಕೊಳ್ಳುತ್ತಲೇ ಒಳಕ್ಕೆ ಕೂಗಿದ: "ಲೊರೇನ್, ಒಂದು ರೀಲು ತಗೊಂಡು ಬಾ. ಖಾಲೀದು."

ಲೊರೇನ್ ಫ್ರೀಜರಿನ ಬಲಗಡೆಗೆ ಕೈಹಾಕಿದಳು. ಮೇಲಿದ್ದ ರೀಲಿನ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು. ನೆಟ್ಟಗಿತ್ತು. ಮೂಲೆಯನ್ನು ಇನ್ನೊಮ್ಮೆ ಸವರಿ ನೋಡಿದಳು, ಮಡಿಕೆಯಿಲ್ಲ. ಸೆರಗಿಲ್ಲದ ಊರಿನ ಹೆಂಗಸು, ಏಪ್ರನ್ನಿನ ಅಂಚಿನಲ್ಲಿ ಇಬ್ಬನಿ ಒರೆಸಿ ಗಂಡನ ಕೈಗಿತ್ತಳು.

ರಸ್ತೆಯ ಆಚೆಯ ಮೈದಾನದಲ್ಲಿ ಕಂಪನಿಯ ಹಳಬರೆಲ್ಲ ಕಾಫಿ ಲೋಟ ಹಿಡಿದು ನಿಂತಿದ್ದರು, ಸಾವಿನ ಮನೆಯ ಮುಂದೆ ನಿಂತ ಹಾಗೆ. ಕಾಯುವಷ್ಟು ಹೊತ್ತೂ ಕ್ಯಾಸ್ ನಿಂತ ಕಟ್ಟಡವನ್ನು ಒಂದೊಂದಾಗಿ ತೆಗೆದ. ಕಿಟಕಿಯಿಲ್ಲದ ಇಟ್ಟಿಗೆಯ ಗೋಡೆ, ಅದರ ಮೇಲೆ ಬೆಳ್ಳನೆಯ ಆಕಾಶ. ಆಮೇಲೆ ನೆಲ ನಡುಗಿತು, ಗೋಡೆ ಮಂಡಿಯೂರಿ ಕೂತಿತು, ದೂಳು ಎದ್ದು ಎಲ್ಲರ ಮೇಲೂ ಬಂತು. ಕಟ್ಟಿದ ಮೇಲೆ ಮೊದಲ ಸಲ ಅದರೊಳಕ್ಕೆ ಬೆಳಕು ಹೋಯಿತು ನೋಡು ಎಂದು ಕ್ಯಾಸ್ ಜೊತೆಗೆ ಬಂದಿದ್ದ ಹೆಂಡತಿಗೆ ಹೇಳಿದ. ಮನೆಗೆ ಬಂದು ರೀಲನ್ನು ಸುತ್ತಿ ಕೋಟಿನ ಜೇಬಿಗೆ ಹಾಕಿದವನು ತೊಳೆಯುವ ಮಾತೆತ್ತಲಿಲ್ಲ. ಹೆಣದ ಫೋಟೋಕ್ಕೆ ಅವಸರವೇನು ಎಂದು ಬಾಬ್ಚಾಳೂ ಸುಮ್ಮನಾದಳು.

ನವೆಂಬರಿನಲ್ಲಿ ರೆನೇ ಫೋನು ಮಾಡಿದಳು. ತಾಯಿಯ ಹತ್ತಿರ ಬೇರೆ ಏನೇನೋ ಮಾತಾಡಿ, ಇನ್ನೇನು ಇಡಬೇಕು ಅನ್ನುವಾಗ ಕೇಳಿದಳು.

"ಅಮ್ಮ, ಅಪ್ಪನ ಹತ್ರ ಆ ರೀಲು ಇದೆಯಲ್ವಾ?"

"ಇದೆ ಕಣೇ."

"ನನಗೆ ಅವಳ ಮುಖ ಮರೆತುಹೋಗ್ತಿದೆ. ಕಣ್ಣು ಮುಚ್ಚಿದ್ರೆ ಕೊಳವೆ ಬರುತ್ತೆ, ಪಟ್ಟಿ ಬರುತ್ತೆ, ಮುಖ ಬರಲ್ಲ. ಕೀತ್‌ನ ಕೇಳಿದ್ರೆ ಅವನಿಗೂ ಬರಲ್ಲ. ನಾನು ಎಂಥ ತಾಯಿ ಅಮ್ಮ?"

ಲೊರೇನ್ ಸಮಾಧಾನ ಹೇಳಿದಳು, ಭಾನುವಾರ ಬಾ ಎಂದಳು. ಸುದ್ದಿ ಕೇಳಿದ ಕ್ಯಾಸ್ ಎರಡು ತಿಂಗಳಲ್ಲಿ ಮೊದಲ ಸಲ ಕ್ಷೌರ ಮಾಡಿಕೊಂಡ. ತೊಳೆಯುವ ಔಷಧಿ ಕಲಸಿದ, ಅದರ ತಟ್ಟೆ ಉಜ್ಜಿದ. ಫಿಲ್ಮ್ ಕಾಯುತ್ತೆ ಅಂದಿರಲಿಲ್ಲವಾ ಎಂದು ತಾಯಿಯ ಮುಂದೆ ಎರಡು ಸಲ ಹೇಳಿದ. ಆಮೇಲೆ ಫ್ರೀಜರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಕಣ್ಣು ಮುಚ್ಚಿ, ಒಂದೊಂದೇ ರೀಲಿನ ತುದಿ ಸವರತೊಡಗಿದ. ಲೊರೇನ್ ಆಲೂಗೆಡ್ಡೆ ಸುಲಿಯುತ್ತಿದ್ದವಳು ಗಂಡನ ಬೆನ್ನನ್ನೇ ನೋಡುತ್ತಿದ್ದಳು. ಅವನು ಕೊನೆಯದನ್ನೂ ಸವರಿ ಮತ್ತೆ ಮೊದಲಿಂದ ಶುರು ಮಾಡಿದ.

"ಮಡಿಕೆ ಇರೋದು ಒಂದೂ ಇಲ್ಲ," ಎಂದ.

"ಮಡಿಸಿದ್ದೆ ತಾನೇ?"

ಕ್ಯಾಸ್ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ರೀಲು ಸುತ್ತುವಾಗ ದಾದಿ ಬಂದು ಮಗುವಿನ ಉಸಿರು ನಿಂತಿತೆಂದಳು, ರೆನೇ ಅವನ ಕೈ ಹಿಡಿದುಕೊಂಡಳು, ಡಬ್ಬಿಯನ್ನು ಹಾಗೇ ಜೇಬಿಗೆ ಹಾಕಿದ. ಅಷ್ಟು ನೆನಪಿತ್ತು. ಮಡಿಸಿದ್ದು ನೆನಪಿರಲಿಲ್ಲ.

ಇರುವುದರಲ್ಲಿ ಯಾವುದೋ ಒಂದು ಅದೇ, ಎಲ್ಲ ತೊಳೆದರಾಯಿತು ಎಂದು ಅವನು ನೆಲಮಾಳಿಗೆಗೆ ಇಳಿದ. ಆ ವಾರ ದಿನವೂ ಒಂದೆರಡು. ಪ್ರತಿ ಸಲ ಸಿಳ್ಳೆ ಹಾಕುತ್ತ ಇಳಿಯುವುದು, ಗಾಜಿನ ಹಾಗೆ ಖಾಲಿಯಾದ ಫಿಲ್ಮು ಹಿಡಿದು ಮೇಲೆ ಬರುವುದು. ಸಿಳ್ಳೆ ದಿನೇ ದಿನೇ ಸಣ್ಣದಾಯಿತು. ಬಾಗಿಲ ಹಿಂದೆ ಕೋಟು ನೇತಾಡುತ್ತಿತ್ತು. ಅದರ ಜೇಬಿನಲ್ಲಿ ಏನಿದೆ ಎಂದು ಗಂಡಹೆಂಡತಿ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಕಟ್ಟಡ ಬಿದ್ದ ಶನಿವಾರ ಬೆಳಿಗ್ಗೆ ಸವರಿದ ನೆಟ್ಟನೆಯ ತುದಿ ಲೊರೇನಳ ಹೆಬ್ಬೆರಳಿನಿಂದ ಹೋಗುತ್ತಲೇ ಇರಲಿಲ್ಲ. ಹೇಳಿಬಿಟ್ಟರೆ ನಿಜವಾಗುತ್ತದೆ ಎಂದು ಹೆದರಿ ಬಾಯಿ ಕಟ್ಟಿಕೊಂಡಿದ್ದಳು.

ಶುಕ್ರವಾರ ಮೂವರೂ ಕರಿದ ಮೀನು ತಿನ್ನುತ್ತಿದ್ದಾಗ ಬಾಬ್ಚಾ ಮುಳ್ಳು ಬಿಡಿಸುತ್ತ, ತಲೆಯೆತ್ತದೆ ಕೇಳಿದಳು.

"ಕಟ್ಟಡ ಬಿದ್ದ ದಿನ ಕ್ಯಾಮೆರಾಕ್ಕೆ ಹಾಕಿದ್ದು ಯಾವ ರೀಲು?"

ಕ್ಯಾಸ್ ಎದ್ದು, ಕೋಟಿನ ಜೇಬಿಗೆ ಕೈಹಾಕಿ, ನೆಲಮಾಳಿಗೆಗೆ ಇಳಿದ. ಸಿಳ್ಳೆ ಕೇಳಿಸಲಿಲ್ಲ.

ತಟ್ಟೆಗಳು ಆರಿದವು. ಲೊರೇನ್ ಕಾದಳು, ಮತ್ತೆ ಕಾದಳು, ಕೊನೆಗೆ ತಾನೇ ಇಳಿದಳು. ಕೆಳಗೆ ದೀಪ ಹಾಕಿರಲಿಲ್ಲ. ಅವಳಿಗೆ ಸಿಳ್ಳೆ ಬಾರದು, ಗೋಡೆ ಹಿಡಿದು "ನಾನು, ಲೊರೇನ್" ಎನ್ನುತ್ತ ಹೋದಳು. ಕತ್ತಲೆಯಲ್ಲಿ ಅವನ ಮಾತು ಬಂತು.

"ದೀಪ ಹಾಕು. ಹಾಕಿದ್ರೂ ಇನ್ನೇನೂ ಕೆಡಲ್ಲ."

ಹಗ್ಗದಿಂದ ಒದ್ದೆ ಫಿಲ್ಮು ಇಳಿಬಿದ್ದಿತ್ತು. ಪ್ರತಿ ಚಿತ್ರದಲ್ಲೂ ಎರಡೆರಡು, ಒಂದರ ಮೇಲೊಂದು. ಮಗುವಿನ ಮೇಲೆ ಕಟ್ಟಡ, ಕಟ್ಟಡದ ಮೇಲೆ ದೂಳು. ನಾನೇ ಕೊಟ್ಟೆ, ನನ್ನ ಕೈಯಾರೆ ಕೊಟ್ಟೆ ಎಂದು ಲೊರೇನ್ ಮೆಟ್ಟಿಲ ಮೇಲೆ ಕುಸಿದು ಅತ್ತಳು. ಸವರಿದ್ದೆಯಾ ಎಂದು ಅವನು ಕೇಳಿದ. ಸವರಿದ್ದೆ, ಎರಡು ಸಲ ಎಂದಳು. "ಹಾಗಾದ್ರೆ ನೀನು ಸರಿಯಾಗೇ ಮಾಡಿದೀಯ," ಎಂದ ಕ್ಯಾಸ್. ಅವನು ಅವಳನ್ನು ಬೈದಿದ್ದರೇ ಅವಳಿಗೆ ಹಗುರಾಗುತ್ತಿತ್ತು.

ಭಾನುವಾರ ರೆನೇ ಕೀತ್ ಬಂದಾಗ ಕ್ಯಾಸ್ ಬಾಗಿಲಲ್ಲೇ ಎಲ್ಲ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ರೆನೇಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದದ್ದು ಕೀತ್‌ಗೆ. ಅವನು ನೆಗೆಟಿವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಲೊರೇನ್ ಅವನ ಬಾಯಿಂದ ಬರುವ ಮಾತಿಗೆ ಹೆದರಿ ನಿಂತಿದ್ದಳು. ಸೆಪ್ಟೆಂಬರಿನ ಮಾತಿನ ಸಾಲ ತೀರಿಸಲು ಅವನಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ.

"ನನ್ನ ಯಂತ್ರಕ್ಕೆ ಹಾಕಿ ನೋಡ್ತೀನಿ ಕ್ಯಾಸ್," ಎಂದ ಅಷ್ಟೆ. "ಎರಡನ್ನೂ ಬಿಡಿಸೋಕಾಗುತ್ತಾ ನೋಡ್ತೀನಿ."

ಆಮೇಲೆ ಅವನು ದಿನವೂ ಆಫೀಸು ಮುಗಿಸಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಕ್ಯಾಸ್ ಮಗಳ ಮನೆಗೆ ಹೋಗಿ ಅವನ ಪಕ್ಕ ಕುರ್ಚಿ ಹಾಕಿಕೊಳ್ಳುತ್ತಿದ್ದ. ಇಲ್ಲಿ ಸ್ವಲ್ಪ ಕಪ್ಪು ಮಾಡು, ಅಲ್ಲಿ ಇಳಿಸು ಎಂದು ಇವನು, ಮಾಡಿದೆ ನೋಡಿ ಎಂದು ಅವನು. ಮಾವ ಅಳಿಯ ಅಷ್ಟು ಹೊತ್ತು ಜಗಳವಿಲ್ಲದೆ ಕೂತದ್ದು ಅದೇ ಮೊದಲು. ಲೊರೇನ್ ಅವರಿಗೆ ಪಿಯರೋಗಿ ಹುರಿದು ಡಬ್ಬಿಯಲ್ಲಿ ಕಳಿಸುತ್ತಿದ್ದಳು, ಅರ್ಧ ಹಾಗೇ ವಾಪಸು ಬರುತ್ತಿತ್ತು. ಆ ನಡುವೆ ಕೀತ್‌ಗೂ ಕಂಪನಿಯಿಂದ ಕರೆ ಬಂತು, ಹೊಸ ವರ್ಷದಿಂದ ಅವನ ಕೆಲಸವಿಲ್ಲ. ಅದನ್ನು ಅವನು ಊಟದ ನಡುವೆ ಉಪ್ಪು ಕೇಳಿದಂತೆ ಹೇಳಿದ. ಕ್ಯಾಸ್ ಉಪ್ಪಿನ ಡಬ್ಬಿ ಅವನತ್ತ ಸರಿಸಿದ.

ಕ್ರಿಸ್‌ಮಸ್ಸಿಗೆ ವಾರವಿರುವಾಗ ಕೀತ್ ಆದಷ್ಟನ್ನು ಪ್ರಿಂಟು ಹಾಕಿ ತಂದ. ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಹರಡಿದ. ಗೋಡೆ ಕಪ್ಪಗಿದ್ದ ಕಡೆ, ಅಂದರೆ ಚಿತ್ರದ ಕೆಳಗರ್ಧದಲ್ಲಿ, ಮಗು ಉಳಿದಿತ್ತು. ಇಟ್ಟಿಗೆಗಳ ನಡುವೆ ಪುಟ್ಟ ಮುಷ್ಟಿ, ರೆನೇಯ ಬೆರಳು, ಕಂಬಳಿಯ ಅಂಚು, ಕಾಲಿಗೆ ಕಟ್ಟಿದ ಹೆಸರಿನ ಪಟ್ಟಿ. ಮೇಲರ್ಧ ಆಕಾಶ. ಕ್ಯಾಸ್ ತನ್ನ ನಿಯಮ ತಪ್ಪದೆ ಮುಖವಿಟ್ಟ ಜಾಗವನ್ನೆಲ್ಲ ಬೆಳಕು ತಿಂದಿತ್ತು. ಕೊನೆಯ ನಾಲ್ಕೈದರಲ್ಲಿ ದೂಳು ಬಿಟ್ಟು ಬೇರೇನೂ ಇರಲಿಲ್ಲ.

ರೆನೇ ಒಂದೊಂದನ್ನೇ ಎತ್ತಿ ಮೇಲರ್ಧವನ್ನೇ ನೋಡಿದಳು. ಬೆಳ್ಳನೆಯ ಜಾಗದ ಮೇಲೆ ಬೆರಳಾಡಿಸಿದಳು.

"ಮುಖ ಇಲ್ಲಿತ್ತಾ ಅಪ್ಪ?"

"ಹೂಂ. ಅಲ್ಲೇ."

"ಕಣ್ಣು ಬಿಟ್ಟಿದ್ಲಾ?"

ಆ ಮಧ್ಯಾಹ್ನ ಕ್ಯಾಸ್ ಕ್ಯಾಮೆರಾದ ಕಿಂಡಿಯಲ್ಲೇ ನೋಡಿದ್ದು, ಬೆಳಕು ಅಳೆಯುತ್ತ, ಅಂಚು ಸರಿಮಾಡುತ್ತ. ಫಿಲ್ಮು ನೆನಪಿಟ್ಟುಕೊಳ್ಳುತ್ತದೆಂದು ಅವನು ನೆನಪಿಟ್ಟುಕೊಂಡಿರಲಿಲ್ಲ.

"ನನಗೆ ಗೊತ್ತಿಲ್ಲ ಮಗಳೇ," ಎಂದ.

ರೆನೇ ಅಳಲಿಲ್ಲ. ಚಿತ್ರಗಳನ್ನು ಜೋಡಿಸಿ ಲಕೋಟೆಗೆ ಹಾಕಿ ಅಪ್ಪನ ಮುಂದೆಯೇ ಇಟ್ಟಳು. ಇವು ನಿಮ್ಮ ಕಟ್ಟಡದವು, ನೀವೇ ಇಟ್ಟುಕೊಳ್ಳಿ ಎಂದಳು. ಅದರಲ್ಲಿ ಕೊಂಕಿರಲಿಲ್ಲ, ಅದೇ ಲೊರೇನಳ ಎದೆ ಒಡೆದದ್ದು. ಕೀತ್ ಹೆಂಡತಿಗೆ ಕೋಟು ಹಿಡಿದ. ಹಬ್ಬದೂಟಕ್ಕೆ ಬರುತ್ತೀರಲ್ಲ ಎಂದು ಲೊರೇನ್ ಕೇಳಿದ್ದಕ್ಕೆ, ನೋಡೋಣ ಎಂದ.

ಅವರು ಹೋದ ಮೇಲೆ ಬಾಬ್ಚಾ ಮಲಗಿದಳು. ಕ್ಯಾಸ್ ಲಕೋಟೆಯ ಮುಂದೆ ಕೂತೇ ಇದ್ದ. ಲೊರೇನ್ ಬೆಳಿಗ್ಗೆಯ ಅಡುಗೆಗೆ ಸಾಸೇಜು ತೆಗೆಯಲು ಫ್ರೀಜರು ತೆರೆದಳು. ಬಲಗಡೆ ಇನ್ನೂ ತೊಳೆಯದ ರೀಲುಗಳು ಉಳಿದಿದ್ದವು. ಒಂದನ್ನು ಎತ್ತಿ ಸವರಿದಳು, ತುದಿ ನೆಟ್ಟಗಿತ್ತು. ಹೆಬ್ಬೆರಳಿನಿಂದ ಒತ್ತಿ ಅದರ ಮೂಲೆಯನ್ನು ಮಡಿಸಿದಳು. ಇನ್ನೊಂದನ್ನು ಎತ್ತಿದಳು, ಅದನ್ನೂ ಮಡಿಸಿದಳು.

"ಅವು ಖಾಲಿ ಲೊರೇನ್," ಎಂದ ಕ್ಯಾಸ್.

"ಯಾರಿಗೆ ಗೊತ್ತು," ಎಂದಳು ಅವಳು.

ಅವನು ಎದ್ದು ಬಂದು ಪಕ್ಕದಲ್ಲಿ ನಿಂತ. ಫ್ರೀಜರಿನ ತಣ್ಣನೆಯ ಗಾಳಿ ಇಬ್ಬರ ಮುಖಕ್ಕೂ ಬಡಿಯುತ್ತಿತ್ತು. ಅವಳು ಕೊನೆಯ ರೀಲಿನವರೆಗೂ ಮಡಿಸಿ, ಬಾಗಿಲು ಮುಚ್ಚಿ, ಸಾಸೇಜನ್ನು ನೀರಿಗೆ ಹಾಕಿದಳು.